ಹಸಿರು ದೀಪ ಏನು ಹೇಳುತ್ತೆ, ಏನು ಹೇಳಲ್ಲ

ಐರ್ಲೆಂಡಿನ ಸ್ವೋರ್ಡ್ಸ್‌ನಿಂದ ನಾವು ಮಾತಾಡ್ತಿದ್ದೇವೆ. ಬಾಡಿಗೆ ಮನೆಗೆ ಹೊಸದಾಗಿ ಬಂದಾಗ ನಾವು ನೋಡೋದು ನಲ್ಲಿ, ಹೀಟರ್, ವೈಫೈ. ಸಾಕೆಟ್ ವಿಷಯಕ್ಕೆ ಬಂದರೆ, ಫೋನ್ ಚಾರ್ಜ್ ಆದರೆ ಸಾಕು ಅಂದುಕೊಳ್ತೇವೆ. ಅದು ಸಾಲದು ಅನ್ನೋದೇ ನಮ್ಮ ಇವತ್ತಿನ ಮಾತು.

ಇಲ್ಲಿನ ಸಾಕೆಟ್ಟನ್ನು ಎದುರಿಂದ ನೋಡಿದರೆ ಮೇಲೆ ಅರ್ಥಿಂಗ್, ಎಡಕ್ಕೆ ನ್ಯೂಟ್ರಲ್, ಬಲಕ್ಕೆ ಫೇಸ್. ನಮ್ಮೂರಿನ ದುಂಡು ಪಿನ್ನಿನ ಸಾಕೆಟ್ಟಿನಲ್ಲೂ ಇದೇ ಕ್ರಮ, ಅದೇ 230 ವೋಲ್ಟ್. ಫೇಸ್, ನ್ಯೂಟ್ರಲ್ ಅದಲುಬದಲಾದರೂ ದೀಪ ಉರಿಯುತ್ತೆ, ಕೆಟಲ್ ಕುದಿಯುತ್ತೆ. ಆದರೆ ಇಲ್ಲಿನ ಪ್ಲಗ್ಗಿನೊಳಗಿನ ಫ್ಯೂಸ್ ಆಗ ತಪ್ಪು ತಂತಿಯಲ್ಲಿ ಕೂತಿರುತ್ತೆ. ಉಪಕರಣದ ಸ್ವಿಚ್ ಆಫ್ ಮಾಡಿದ ಮೇಲೂ ಒಳಗೆ ಕರೆಂಟು ಕಾದಿರಬಹುದು. ಅರ್ಥಿಂಗ್ ಕಡಿದುಹೋಗಿದ್ದರಂತೂ ಯಾರಿಗಾದರೂ ಶಾಕ್ ಹೊಡೆಯುವವರೆಗೆ ಸುಳಿವೇ ಸಿಗಲ್ಲ.

ಹಾರ್ಡ್‌ವೇರ್ ಅಂಗಡಿಯ ಮೂರು ದೀಪದ ಸಾಕೆಟ್ ಟೆಸ್ಟರ್ ಈ ಎರಡು ದೋಷಗಳನ್ನೂ ಹಿಡಿಯುತ್ತೆ. ಖಂಡಿತ ಕೊಳ್ಳಿ. ಆದರೆ ನ್ಯೂಟ್ರಲ್ ಮತ್ತು ಅರ್ಥಿಂಗ್ ಅದಲುಬದಲಾಗಿದ್ದರೆ ಅದು 'ಸರಿ' ಎಂದೇ ತೋರಿಸುತ್ತೆ. ಎರಡೂ ತಂತಿಗಳ ವೋಲ್ಟೇಜ್ ಹೆಚ್ಚುಕಡಿಮೆ ಸೊನ್ನೆ. ವ್ಯತ್ಯಾಸ ಅದಕ್ಕೆ ಕಾಣಲ್ಲ. ಅರ್ಥಿಂಗ್ ತಂತಿ ಇದೆ ಅಂತ ಹೇಳುತ್ತೆ, ದೋಷ ಬಂದಾಗ ಅಷ್ಟು ಕರೆಂಟನ್ನು ಹೊರುವ ತಾಕತ್ತು ಅದಕ್ಕಿದೆಯೇ ಅಂತ ಹೇಳಲ್ಲ.

ಜೀವಶಾಸ್ತ್ರದ ಪ್ರಯೋಗಾಲಯದಲ್ಲಿ ಕೆಲಸ ಮಾಡುವ ನಮಗೆ ಇದು ಹಳೇ ಪಾಠ. ಕೋವಿಡ್ ಕಿಟ್‌ನಲ್ಲಿ ಸಿ ಗೆರೆ ಮಾತ್ರ ಮೂಡಿದರೆ ಕಿಟ್ ಕೆಲಸ ಮಾಡಿದೆ, ವೈರಸ್ ಸಿಗಲಿಲ್ಲ ಅಂತಷ್ಟೇ. ವೈರಸ್ ಇಲ್ಲವೇ ಇಲ್ಲ ಅಂತಲ್ಲ. ಯಾವ ಪರೀಕ್ಷೆಗೇ ಆಗಲಿ, 'ನಿನಗೆ ಏನು ಕಾಣಲ್ಲ?' ಅಂತ ಮೊದಲು ಕೇಳಬೇಕು.

ಇನ್ನು ಊರಿಂದ ತಂದ ಮಿಕ್ಸಿ, ಗ್ರೈಂಡರ್. ಸಾಕೆಟ್ ಎಷ್ಟೇ ಸರಿಯಿದ್ದರೂ, ನಡುವಿನ ಅಗ್ಗದ ಅಡಾಪ್ಟರ್‌ನಲ್ಲಿ ಅರ್ಥಿಂಗ್ ಸಂಪರ್ಕ ಇಲ್ಲದಿದ್ದರೆ ಎಲ್ಲ ವ್ಯರ್ಥ. ಹಿಟ್ಟು ರುಬ್ಬುವಾಗ ಕೈ ಒದ್ದೆ, ಗ್ರೈಂಡರಿನ ಮೈ ಲೋಹದ್ದು. ಪೆನ್ನು ತೂರಿಸಿ ಸಾಕೆಟ್ಟಿನ ಮುಚ್ಚಳ ತೆರೆದು ದುಂಡು ಪಿನ್ ಚುಚ್ಚುವ ಜಾಣತನವಂತೂ ಬೇಡವೇ ಬೇಡ.

ಹಾಗಾದರೆ ಏನು ಮಾಡೋದು? ಟೆಸ್ಟರ್‌ನಿಂದ ಪ್ರತಿ ಸಾಕೆಟ್ ನೋಡಿ. 30 ಮಿಲಿಆಂಪ್ ಸೋರಿದರೆ ಕರೆಂಟು ಕಡಿಯುವ ಆರ್‌ಸಿಡಿಯ ಟೆಸ್ಟ್ ಬಟನ್ ಒತ್ತಿ. ಅದು ಟ್ರಿಪ್ ಆಗಬೇಕು. ಅನುಮಾನ ಬಂದರೆ ನೀವೇ ಬಿಚ್ಚಬೇಡಿ. ಸೇಫ್ ಎಲೆಕ್ಟ್ರಿಕ್‌ನಲ್ಲಿ ನೋಂದಾಯಿಸಿದವರನ್ನು ಕರೆಸಿ.

ಖರ್ಚು ಯಾರದ್ದು? ಬಾಡಿಗೆ ಮನೆಗಳ 2019ರ ನಿಯಮಗಳ ಪ್ರಕಾರ ವಿದ್ಯುತ್ ವ್ಯವಸ್ಥೆಯನ್ನು ಸುರಕ್ಷಿತವಾಗಿಡೋದು ಮಾಲೀಕರ ಹೊಣೆ. ಅವರು ಕೇಳದಿದ್ದರೆ ತಪಾಸಣೆ ಮಾಡುವ ಫಿಂಗಲ್ ಕೌಂಟಿ ಕೌನ್ಸಿಲ್ ನಮ್ಮ ಸ್ವೋರ್ಡ್ಸ್‌ನ ಮೇನ್ ಸ್ಟ್ರೀಟ್‌ನಲ್ಲೇ ಇದೆ. ಮನೆ ಸಿಗೋದೇ ಕಷ್ಟ, ಓನರ್ ಏನಂದುಕೊಳ್ತಾರೋ ಅಂತ ಬಾಯಿ ಮುಚ್ಚಿಕೊಂಡಿರುವವರು ನಮ್ಮ ನಡುವೆ ಇದ್ದಾರೆ. ಆ ಸಂಕೋಚ ನಮಗೂ ಗೊತ್ತು. ಆದರೆ ಕರೆಂಟಿಗೆ ಸಂಕೋಚ ಇಲ್ಲ. ಕೇಳಿ, ಬರಹದಲ್ಲಿ ಕೇಳಿ.