ನಾಡಿಮಿಡಿತ: ದುಡ್ಡು ಕೊಟ್ಟ ಮಾತ್ರಕ್ಕೆ ಹಾಡು ನಮ್ಮದೇ?



ಕಳೆದ ಸಂಚಿಕೆಯಲ್ಲಿ ಕೊಲೆಸ್ಟರಾಲ್ ಬಗ್ಗೆ ಬರೆದು ಹಲವರ ಹಬ್ಬದೂಟದ ರುಚಿ ಕೆಡಿಸಿದ್ದೆ. ಈ ಸಲ ನಿಮ್ಮ ಹೋಳಿಗೆ-ತುಪ್ಪಕ್ಕೆ ನನ್ನಿಂದ ತೊಂದರೆಯಿಲ್ಲ. ವಿಷಯ ಸಂಗೀತದ್ದು, ಅದೂ ಶ್ರುತಿ-ತಾಳದ್ದಲ್ಲ, ಕಾಗದ-ಪತ್ರದ್ದು. ನಾನು ವಕೀಲನಲ್ಲ, ಎಂ.ಬಿ.ಬಿ.ಎಸ್., ಎಂ.ಡಿ. ಮಾಡಿದ ವೈದ್ಯ. ಆದರೂ ಕೂಟದ ಸಾಂಸ್ಕೃತಿಕ ಸಮಿತಿಯಲ್ಲಿ ಕರಾರುಗಳನ್ನು ಓದುವ ಕೆಲಸ ನನ್ನ ಪಾಲಿಗೆ ಬಂತು. (ಡಾಕ್ಟರ ಕೈಬರಹ ಓದಬಲ್ಲವನು ಏನನ್ನಾದರೂ ಓದಬಲ್ಲ ಎಂಬುದು ಅಧ್ಯಕ್ಷರ ವಾದ.)

ಅಮೆರಿಕದ ನಮ್ಮ ಕೂಟಗಳು ಯುಗಾದಿಗೋ ರಾಜ್ಯೋತ್ಸವಕ್ಕೋ ನೃತ್ಯರೂಪಕ ಮಾಡುವುದು ನಿಮಗೆ ಗೊತ್ತೇ ಇದೆ. ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಇರುವ ಸಂಯೋಜಕರಿಗೆ ಫೋನ್ ಮಾಡಿ, 40 ನಿಮಿಷದ ಸಂಗೀತ ಮಾಡಿಸಿ, ಧ್ವನಿಮುದ್ರಣ ತರಿಸಿಕೊಳ್ಳುತ್ತೇವೆ. ಇಲ್ಲಿಂದ ಹಣ ಹೋಗುತ್ತದೆ, ಅಲ್ಲಿಂದ ಫೈಲ್ ಬರುತ್ತದೆ. 'ದುಡ್ಡು ಕೊಟ್ಟಾಯಿತಲ್ಲ, ಇನ್ನು ಅದು ನಮ್ಮದು' ಎಂಬುದು ಎಲ್ಲರ ನಂಬಿಕೆ. ಕಾನೂನು ಹಾಗೆ ಹೇಳುವುದಿಲ್ಲ.

ನನಗೆ ಪರಿಚಯದ ಸಂಯೋಜಕರೊಬ್ಬರು ಹೀಗೇ ಒಂದು ಕೂಟಕ್ಕೆ ಸಂಗೀತ ಕೊಟ್ಟರು. ಒಂದು ಸಂಜೆಯ ಪ್ರದರ್ಶನಕ್ಕೆಂದು ಮಾತಾಗಿತ್ತು, ಬರಹದಲ್ಲಿ ಏನೂ ಇರಲಿಲ್ಲ. ಅದು ಪೆನ್‌ಡ್ರೈವ್ ಏರಿ ಇನ್ನೂ ಮೂರು ಊರು ಸುತ್ತಿತು, ಯೂಟ್ಯೂಬ್ ಸೇರಿತು. ನರ್ತಕಿಯರ, ಪ್ರಾಯೋಜಕರ, ಊಟ ಬಡಿಸಿದವರ ಹೆಸರೆಲ್ಲ ಇತ್ತು. ಸಂಯೋಜಕರದ್ದು ಮಾತ್ರ ಇಲ್ಲ. ಜಗಳವಾಡುವ ಜಾಯಮಾನ ಅವರದ್ದಲ್ಲ. ಮುಂದಿನ ವರ್ಷ ಅದೇ ಕೂಟ ಕರೆದಾಗ 'ಪುರುಸೊತ್ತಿಲ್ಲ' ಎಂದರು, ಅಷ್ಟೇ.

ಇದಕ್ಕೆ ತುಂಬಾ ಹೋಲುವ ಮೊಕದ್ದಮೆಯೊಂದು ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ 1989ರಲ್ಲಿ ತೀರ್ಮಾನವಾಯಿತು. ಅದು ಸಂಗೀತದ್ದಲ್ಲ, ಶಿಲ್ಪದ್ದು. ವಾಷಿಂಗ್ಟನ್ನಿನ ಸೇವಾ ಸಂಸ್ಥೆಯೊಂದು ಜೇಮ್ಸ್ ಅರ್ಲ್ ರೀಡ್ ಎಂಬ ಶಿಲ್ಪಿಯಿಂದ ಮನೆಯಿಲ್ಲದ ಬಡ ಕುಟುಂಬವೊಂದರ ಮೂರ್ತಿ ಮಾಡಿಸಿತು. ಕಲ್ಪನೆ ಸಂಸ್ಥೆಯದ್ದು, ಖರ್ಚೂ ಸಂಸ್ಥೆಯದ್ದೇ. ಶಿಲ್ಪಿ ತನ್ನ ಕೆಲಸಕ್ಕೆ ಸಂಬಳ ತೆಗೆದುಕೊಳ್ಳಲಿಲ್ಲ. ಲಿಖಿತ ಒಪ್ಪಂದ ಇರಲಿಲ್ಲ. ಆಮೇಲೆ ಮೂರ್ತಿಯನ್ನು ಬೇರೆ ಊರುಗಳಿಗೆ ಒಯ್ಯುವ ವಿಚಾರದಲ್ಲಿ ವ್ಯಾಜ್ಯ ಬಂತು. ರೀಡ್ ಆ ಸಂಸ್ಥೆಯ ನೌಕರನಲ್ಲ, ಸ್ವತಂತ್ರ ಕಲಾವಿದ. ಆದ್ದರಿಂದ ಅದು 'ವರ್ಕ್ ಮೇಡ್ ಫಾರ್ ಹೈರ್' ಅಲ್ಲ ಎಂದಿತು ನ್ಯಾಯಾಲಯ. ಒಳ್ಳೆಯ ಉದ್ದೇಶದ, ಲಾಭಕ್ಕಲ್ಲದ ಸಂಸ್ಥೆ ಎಂಬುದರಿಂದ ಏನೂ ವಿನಾಯಿತಿ ಸಿಗಲಿಲ್ಲ. ನಮ್ಮ ಕೂಟಗಳೂ ಅಂಥವೇ ತಾನೆ?

ಇಲ್ಲಿನ ಕಾಪಿರೈಟ್ ಕಾನೂನಿನ ಪ್ರಕಾರ ಸ್ವತಂತ್ರ ಸಂಯೋಜಕನ ಸಂಗೀತ ಅವನದ್ದೇ. ಅದು ಇನ್ನೊಬ್ಬರದಾಗಬೇಕಾದರೆ ಅವನ ಸಹಿ ಇರುವ ಬರಹ ಬೇಕು. ಬರಹ ಇಲ್ಲದಿದ್ದರೆ ದುಡ್ಡು ಕೊಟ್ಟವರಿಗೆ ಸಿಗುವುದು ಹೇಳಿದ ಉದ್ದೇಶಕ್ಕೆ ಬಳಸುವ ಅನುಮತಿ ಮಾತ್ರ. ನಮ್ಮ ಕಸುಬಿನ ಭಾಷೆಯಲ್ಲಿ ಹೇಳುವುದಾದರೆ, ಅಪೆಂಡಿಕ್ಸ್ ತೆಗೆಯಲು ಸಹಿ ಪಡೆದು, ಹೊಟ್ಟೆ ಹೇಗೂ ತೆರೆದಿದೆಯೆಂದು ಪಿತ್ತಕೋಶವನ್ನೂ ತೆಗೆಯುವಂತಿಲ್ಲ.

ಭಾರತದ ಕಾನೂನಿನಲ್ಲಿ ಇನ್ನೊಂದು ಸ್ವಾರಸ್ಯವಿದೆ. 1957ರ ಕಾಯ್ದೆಯಂತೆ ಹಕ್ಕು ಬರೆದುಕೊಡುವ ಪತ್ರದಲ್ಲಿ ಅವಧಿ ನಮೂದಿಸದಿದ್ದರೆ ಅದು 5 ವರ್ಷಕ್ಕೆ ಎಂದು ಅರ್ಥ. ಯಾವ ಪ್ರದೇಶಕ್ಕೆ ಎಂದು ಬರೆಯದಿದ್ದರೆ ಭಾರತಕ್ಕೆ ಮಾತ್ರ! ಮೈಸೂರಿನ ಸಂಯೋಜಕರಿಂದ ಎರಡು ಸಾಲಿನ ಪತ್ರ ಬರೆಸಿಕೊಂಡು ನಿಶ್ಚಿಂತೆಯಿಂದ ಕುಳಿತ ನ್ಯೂಜೆರ್ಸಿಯ ಖಜಾಂಚಿಯನ್ನು ನೆನೆಸಿಕೊಳ್ಳಿ. ಪತ್ರ ಎಲ್ಲಿ ಬೇಡವೋ ಅಲ್ಲಿ ನಡೆಯುತ್ತದೆ.

ಸಿನಿಮಾ ಸಂಗೀತದ ಕಥೆ ಬೇರೆ. 1977ರ ಭಾರತದ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ದುಡ್ಡು ಹಾಕಿದ ನಿರ್ಮಾಪಕರೇ ಧಣಿ ಎಂಬಂತಾಗಿತ್ತು. 2012ರ ತಿದ್ದುಪಡಿ ಅದನ್ನು ಸಡಿಲಿಸಿತು. ರಾಜ್ಯಸಭೆಯಲ್ಲಿ ಇದಕ್ಕಾಗಿ ದನಿಯೆತ್ತಿದವರು ಕವಿ ಜಾವೇದ್ ಅಖ್ತರ್. ಚಿತ್ರಮಂದಿರದಲ್ಲಿ ಚಿತ್ರದೊಡನೆ ಕೇಳಿಸುವುದನ್ನು ಬಿಟ್ಟು ಉಳಿದ ಬಳಕೆಗಳ ರಾಯಲ್ಟಿಯಲ್ಲಿ ಸಮಪಾಲು ಪಡೆಯುವ ಹಕ್ಕನ್ನು ಸಂಯೋಜಕ ಮತ್ತು ಗೀತರಚನೆಕಾರ ಈಗ ನಿರ್ಮಾಪಕರಿಗೆ ಬರೆದುಕೊಡಲು ಬಾರದು, ತಾವೇ ಬೇಡವೆನ್ನಲೂ ಬಾರದು. 2017ರಲ್ಲಿ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅಮೆರಿಕ ಪ್ರವಾಸದಲ್ಲಿದ್ದಾಗ ಇಳಯರಾಜಾ ಅವರ ವಕೀಲರಿಂದ ನೋಟಿಸ್ ಬಂದದ್ದು ನೆನಪಿರಬಹುದು. ಇಳಯರಾಜಾ ಅವರನ್ನು ನಮ್ಮವರೆಲ್ಲ ಚೆನ್ನಾಗಿ ಬೈದರು. ಸ್ನೇಹಿತನಿಗೆ ನೋಟಿಸ್ ಕಳಿಸಿದ್ದು ನನಗೂ ಹಿಡಿಸಲಿಲ್ಲ. ಆದರೆ ಹಾಡಿದವರ ಹಕ್ಕು ಬೇರೆ, ಸ್ವರ ಹಾಕಿದವರ ಹಕ್ಕು ಬೇರೆ ಎಂಬ ಮಾತು ಸುಳ್ಳಲ್ಲ.

ಇಲ್ಲೇ ಹುಟ್ಟಿ ಬೆಳೆದ ನಮ್ಮ ಮಕ್ಕಳಲ್ಲಿ ಕೆಲವರು ಈಗ ಡಾಕ್ಟರು-ಎಂಜಿನಿಯರು ಬಿಟ್ಟು ಸಿನಿಮಾಗಳಿಗೆ ಸಂಗೀತ ಬರೆಯುತ್ತಿದ್ದಾರೆ. ಅವರ ಮುಂದೆ ಬರುವ ಕಾಗದದಲ್ಲಿ ಸಾಮಾನ್ಯವಾಗಿ 'ವರ್ಕ್ ಮೇಡ್ ಫಾರ್ ಹೈರ್' ಎಂದಿರುತ್ತದೆ. ಸಿನಿಮಾದ ಮಟ್ಟಿಗೆ, ಇಬ್ಬರ ಸಹಿಯೂ ಬಿದ್ದರೆ, ಅದು ಊರ್ಜಿತ. ಆಗ ಕಾನೂನಿನ ಕಣ್ಣಲ್ಲಿ ಆ ಸಂಗೀತ ಬರೆದವರು ನಿಮ್ಮ ಮಗಳಲ್ಲ, ಕಂಪನಿ! ಹಕ್ಕನ್ನು ಬರಿದೇ ವರ್ಗಾಯಿಸಿದ್ದರೆ 35 ವರ್ಷದ ನಂತರ ಮರಳಿ ಕೇಳುವ ಅವಕಾಶವಿದೆ. ಇದರಲ್ಲಿ ಅದೂ ಇಲ್ಲ. ಅಂಥ ಸಹಿ ಹಾಕಲೇಬೇಕಾದರೂ ಆಸ್ಕ್ಯಾಪ್ ಅಥವಾ ಬಿ.ಎಂ.ಐ. ಮೂಲಕ ಬರುವ ಪ್ರಸಾರದ ಗೌರವಧನದಲ್ಲಿ 'ರೈಟರ್ಸ್ ಶೇರ್' ಎಂಬ ಅರ್ಧ ಪಾಲನ್ನು ಉಳಿಸಿಕೊಳ್ಳಲು ಹೇಳಿ. ಒಪ್ಪಂದವನ್ನು ವಕೀಲರಿಗೆ ತೋರಿಸಿ, ನನಗಲ್ಲ.

ಈ ವರ್ಷದ ನಮ್ಮ ರೂಪಕಕ್ಕೆ ಒಂದೇ ಪುಟದ ಪತ್ರ ಮಾಡಿದೆವು. ಸಂಗೀತ ಅವರದ್ದೇ. ಧ್ವನಿಮುದ್ರಣದ ಖರ್ಚು ನಮ್ಮದಾದ್ದರಿಂದ ಆ ಮುದ್ರಿಕೆ ಮಾತ್ರ ನಮ್ಮದು. ಅಮೆರಿಕ, ಕೆನಡಾಗಳಲ್ಲಿ ಮೂರು ವರ್ಷ ನಾವು ಆಡಿಸಬಹುದು. ಬೇರೆ ಕೂಟ ಕೇಳಿದರೆ ಅವರನ್ನೇ ಕೇಳಬೇಕು. ಯೂಟ್ಯೂಬಿಗೆ ಹಾಕಲು ಬೇರೆ ಮೊತ್ತ. ಅರ್ಧ ಹಣ ಮುಂಗಡ. ಬದಲಾವಣೆ ಎರಡು ಸಲ ಮಾತ್ರ. ಇದಕ್ಕೆ ನೃತ್ಯ ನಿರ್ದೇಶಕಿ ತಕರಾರು ಮಾಡಿದರು, ಮೂರಕ್ಕೆ ರಾಜಿಯಾಯಿತು. ಪತ್ರ ನೋಡಿದ ಸಂಯೋಜಕರು ಒಂದು ಸಾಲು ಸೇರಿಸಲು ಕೇಳಿದರು: ಕೊಳಲು, ತಬಲಾ ನುಡಿಸಿದವರ ಹೆಸರೂ ಅಚ್ಚಾಗಬೇಕು ಎಂದು. ಕಾರ್ಯಕ್ರಮ ಪಟ್ಟಿಯಲ್ಲಿ ಇವೆ, ನೋಡಿ.