ದೇವರು ಸುಮ್ಮನಿರುವ ದಿನಗಳಲ್ಲಿ

ಊರು ಬಿಟ್ಟು ಮಹಾನಗರ ಸೇರಿದ ನಮ್ಮ ಕ್ರೈಸ್ತ ಕನ್ನಡಿಗರ ಜೊತೆ ಸ್ವಲ್ಪ ಆಪ್ತವಾಗಿ ಮಾತಿಗೆ ಕೂತರೆ ಒಂದು ಮಾತು ಮೆಲ್ಲಗೆ ಹೊರಬರುತ್ತದೆ. ಭಾನುವಾರ ಚರ್ಚಿಗೆ ಹೋಗುತ್ತೇವೆ, ರಾತ್ರಿ ಮಲಗುವ ಮುಂಚೆ ಪ್ರಾರ್ಥನೆಯನ್ನೂ ಹೇಳುತ್ತೇವೆ, ಆದರೆ ಒಳಗೆ ಏನೂ ಆಗುವುದಿಲ್ಲ ಎಂಬ ಮಾತದು. ಹೇಳುವಾಗ ಸಾಲ ತೀರಿಸದವರ ಸಂಕೋಚ ಅವರ ಮುಖದಲ್ಲಿರುತ್ತದೆ. ಕೆಲವರಿಗೆ ಇದು ಬರೀ ಆಯಾಸ. ಇನ್ನು ಕೆಲವರ ಹಿಂದೆ ಒಂದು ಸಾವು, ಮುರಿದ ಮದುವೆ, ಅಥವಾ ವರ್ಷಗಟ್ಟಲೆ ಬೇಡಿಕೊಂಡರೂ ಗುಣವಾಗದ ಕಾಯಿಲೆ ಇರುತ್ತದೆ. ಉತ್ತರ ಬಾರದಿದ್ದಾಗ ಅವರು ಎರಡೇ ದಾರಿ ಕಾಣುತ್ತಾರೆ: ಒಂದೋ ಎಲ್ಲ ಸರಿಯಿದೆ ಎಂದು ನಟಿಸುವುದು, ಇಲ್ಲವೋ ಸದ್ದಿಲ್ಲದೆ ಹೊರನಡೆಯುವುದು.

ಮೂರನೆಯ ದಾರಿಯೂ ಇದೆ. ಅದರಲ್ಲಿ ನಡೆದವರಲ್ಲಿ ನಮಗೆಲ್ಲ ಪರಿಚಿತರಾದ ಒಬ್ಬರಿದ್ದಾರೆ.

ಮದರ್ ತೆರೇಸಾ 1929ರಲ್ಲಿ ಲೊರೆಟೊ ಸಭೆಯ ಸನ್ಯಾಸಿನಿಯಾಗಲು ಭಾರತಕ್ಕೆ ಬಂದವರು. ಕೋಲ್ಕತಾದಲ್ಲಿ ಹಲವು ವರ್ಷ ಶಿಕ್ಷಕಿಯಾಗಿದ್ದರು. 1946ರ ಸೆಪ್ಟೆಂಬರ್ 10ರಂದು ಡಾರ್ಜಿಲಿಂಗಿಗೆ ಹೋಗುವ ರೈಲಿನಲ್ಲಿ, ಬಡವರಲ್ಲಿ ಬಡವರ ನಡುವೆ ಹೋಗಿ ಬದುಕಬೇಕೆಂಬ ಕರೆ ತಮಗೆ ಬಂತೆಂದು ಅವರು ನಂಬಿದರು. ಆ ದಿನಗಳಲ್ಲಿ ಯೇಸು ತಮ್ಮೊಡನೆ ಮಾತಾಡುತ್ತಿದ್ದಾರೆಂಬಷ್ಟು ಹತ್ತಿರದ ಅನುಭವ ಅವರಿಗಿತ್ತು. 1948ರಲ್ಲಿ ಕಾನ್ವೆಂಟ್ ಬಿಟ್ಟು ಬೀದಿಗಿಳಿದರು. 1950ರಲ್ಲಿ ಅವರ ಹೊಸ ಸಭೆಗೆ ಮಾನ್ಯತೆ ಸಿಕ್ಕಿತು. 1952ರಲ್ಲಿ ಕಾಳಿಘಾಟ್ ದೇವಸ್ಥಾನದ ಪಕ್ಕದ ಯಾತ್ರಿ ನಿವಾಸದಲ್ಲಿ, ಸಾಯುವವರಿಗಾಗಿ ಮನೆ ತೆರೆದರು.

ವಿಚಿತ್ರವೆಂದರೆ, ಕೇಳಿದ ಕೆಲಸವನ್ನು ಮಾಡತೊಡಗಿದ ಮೇಲೆ ಕೇಳಿಸುತ್ತಿದ್ದ ದನಿ ನಿಂತುಹೋಯಿತು. ಪ್ರಾರ್ಥನೆಗೆ ಕೂತರೆ ಬರೀ ಖಾಲಿತನ. ದೇವರಿದ್ದಾನೆಯೇ ಎಂಬ ಪ್ರಶ್ನೆಯೂ ಅವರನ್ನು ಕಾಡಿತು. 1958ರಲ್ಲಿ ಕೆಲವು ವಾರ ಮಾತ್ರ ಈ ಕತ್ತಲು ಸರಿದು ಮತ್ತೆ ಆವರಿಸಿತು. 1979ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂದು ಜಗತ್ತು ಅವರ ನಗುಮುಖವನ್ನು ನೋಡುತ್ತಿದ್ದಾಗಲೂ ಒಳಗಿನ ಸ್ಥಿತಿ ಅದೇ ಆಗಿತ್ತು. ತಮ್ಮ ಆಧ್ಯಾತ್ಮಿಕ ಮಾರ್ಗದರ್ಶಕರಿಗೆ ಬರೆದ ಪತ್ರಗಳನ್ನು ಸುಟ್ಟುಬಿಡಬೇಕೆಂದು ಅವರೇ ಕೇಳಿಕೊಂಡಿದ್ದರು. ಹಾಗಾಗಲಿಲ್ಲ. 1997ರಲ್ಲಿ ಅವರು ತೀರಿಕೊಂಡು ಹತ್ತು ವರ್ಷವಾದ ಮೇಲೆ, 2007ರಲ್ಲಿ, ಆ ಪತ್ರಗಳು ಪುಸ್ತಕವಾಗಿ ಬಂದವು. ಹಲವರಿಗೆ ಆಘಾತವಾಯಿತು. ಹಾಗಾದರೆ ಇವರ ನಂಬಿಕೆಯೆಲ್ಲ ನಾಟಕವೇ ಎಂದು ಕೇಳಿದವರೂ ಇದ್ದರು. ಅದೇ ಪತ್ರಗಳನ್ನು ಓದಿದ ಮೇಲೂ ಕ್ಯಾಥೋಲಿಕ್ ಸಭೆ 2016ರಲ್ಲಿ ಅವರನ್ನು ಸಂತರೆಂದು ಘೋಷಿಸಿತು.

ನನಗೆ ಮುಖ್ಯವೆನಿಸುವುದು ಆ ಕತ್ತಲೆಯ ಜೊತೆ ಅವರು ಬದುಕಿದ ರೀತಿ. ಅವರು ಅದನ್ನು ಊರಿಗೆಲ್ಲ ಹೇಳಲಿಲ್ಲ, ತಮ್ಮೊಳಗೇ ಹೂತಿಡಲೂ ಇಲ್ಲ. ಆರ್ಚ್‌ಬಿಷಪ್ ಪೆರಿಯೆ ಅವರಿಗೆ, ಮತ್ತೆ ಕೆಲವೇ ಗುರುಗಳಿಗೆ, ಮುಚ್ಚುಮರೆಯಿಲ್ಲದೆ ಬರೆದರು. 1961ರ ಹೊತ್ತಿಗೆ ಜೋಸೆಫ್ ನೊಯ್ನರ್ ಎಂಬ ಜೆಸ್ವಿಟ್ ಗುರು ಅವರ ಮಾತನ್ನು ಕೇಳಿಸಿಕೊಂಡರು. ಇದಕ್ಕೆ ಮನುಷ್ಯರ ಬಳಿ ಮದ್ದಿಲ್ಲ ಎಂದು ಅವರು ನೇರವಾಗಿಯೇ ಹೇಳಿದರು. ದೇವರಿಗಾಗಿ ಇಷ್ಟು ಹಂಬಲಿಸುತ್ತಿರುವುದೇ ಆತ ಒಳಗಿರುವುದರ ಗುರುತು, ಅನುಭವವಾಗದಿರುವುದು ಗೈರುಹಾಜರಿಯಲ್ಲ ಎಂಬುದು ಅವರ ಸಲಹೆಯ ಸಾರ. ಕತ್ತಲು ಹೋಗಲಿಲ್ಲ. ಆದರೆ ಅದನ್ನು ಶಿಕ್ಷೆಯೆಂದು ಓದುವುದು ನಿಂತಿತು. ಯಾರೂ ಬೇಡವೆಂದು ಬಿಟ್ಟ ಬಡವರ ಸ್ಥಿತಿಯಲ್ಲಿ ತಮಗೂ ಒಂದು ಪಾಲು ಸಿಕ್ಕಿದೆ ಎಂದು ಅವರು ಅದನ್ನು ಒಪ್ಪಿಕೊಂಡರು. ಬೆಳಗಿನ ಪ್ರಾರ್ಥನೆ, ಬಲಿಪೂಜೆ, ರೋಗಿಗಳ ಆರೈಕೆ ಎಂದಿನಂತೆ ಸಾಗಿದವು.

ಮದರ್ ತೆರೇಸಾ ಈ ದಾರಿಯಲ್ಲಿ ಮೊದಲಿಗರೂ ಅಲ್ಲ. ಹದಿನಾರನೇ ಶತಮಾನದ ಸ್ಪೇನಿನಲ್ಲಿ ಶಿಲುಬೆಯ ಯೋಹಾನ ಎಂಬ ಸಂತ ಇದ್ದರು. ಸುಧಾರಣೆಗೆ ಕೈಹಾಕಿದ್ದಕ್ಕೆ ಸ್ವಂತ ಸಭೆಯ ಸನ್ಯಾಸಿಗಳೇ ಅವರನ್ನು 1577ರಲ್ಲಿ ಟೊಲೆಡೊ ಪಟ್ಟಣದ ಇಕ್ಕಟ್ಟಾದ ಕೋಣೆಯೊಂದರಲ್ಲಿ ಕೂಡಿಹಾಕಿದರು. ಸುಮಾರು ಒಂಬತ್ತು ತಿಂಗಳ ನಂತರ ಅವರು ತಪ್ಪಿಸಿಕೊಂಡರು. ಆತ್ಮದ ಕತ್ತಲ ರಾತ್ರಿ ಎಂದು ಇಂದು ಎಲ್ಲರೂ ಬಳಸುವ ಮಾತು ಅವರ ಬರಹದಿಂದ ಬಂದದ್ದು. ಚರ್ಚಿನವರಿಂದಲೇ ಪೆಟ್ಟು ತಿಂದು ಇನ್ನು ನಂಬುವುದು ಹೇಗೆ ಎಂದು ಕೇಳುವವರು ಈ ಕೋಣೆಯನ್ನು ನೆನೆಯಬಹುದು.

ಬೈಬಲ್ ಕೂಡ ಈ ವಿಷಯದಲ್ಲಿ ನಮಗಿಂತ ಧೈರ್ಯದ ಪುಸ್ತಕ. ಅದರ ಕೀರ್ತನೆಗಳಲ್ಲಿ ಗೋಳಾಟದಿಂದ ಶುರುವಾಗುವವು ಬಹಳ. ಅವು ಸಾಮಾನ್ಯವಾಗಿ ಕೊನೆಯಲ್ಲಿ ಸ್ತುತಿಯ ಕಡೆಗೆ ಹೊರಳುತ್ತವೆ. 88ನೇ ಕೀರ್ತನೆ ಹೊರಳುವುದಿಲ್ಲ, ಕತ್ತಲೆಯಲ್ಲೇ ಮುಗಿಯುತ್ತದೆ. ಅದನ್ನು ತೆಗೆದುಹಾಕಬೇಕೆಂದು ಯಾರಿಗೂ ಅನ್ನಿಸಲಿಲ್ಲ. ಯೋಬನ ಕಥೆಯಲ್ಲಿ ಗೆಳೆಯರು ಮೊದಲ ಏಳು ದಿನ ಬಾಯಿ ಬಿಡದೆ ಅವನ ಪಕ್ಕ ನೆಲದ ಮೇಲೆ ಕೂತರು. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಆಮೇಲೆ ಬಾಯಿ ತೆರೆದು, ನಿನ್ನಲ್ಲೇ ಏನೋ ತಪ್ಪಿರಬೇಕು ಎಂದು ಪಾಠ ಹೇಳಿದರು. ಕೊನೆಗೆ ದೇವರು ಗದರಿಸಿದ್ದು ಅವರನ್ನೇ, ಜಗಳಕ್ಕೆ ನಿಂತ ಯೋಬನ ಮಾತೇ ಸರಿ ಎಂದ. ಇನ್ನು ಶಿಲುಬೆಯ ಮೇಲಿನ ಯೇಸು, ದೇವರು ತನ್ನನ್ನು ಏಕೆ ಕೈಬಿಟ್ಟ ಎಂದು ಕೂಗಿದ್ದನ್ನು ಮಾರ್ಕ ಮತ್ತು ಮತ್ತಾಯ ಇಬ್ಬರೂ ಬರೆದಿಟ್ಟಿದ್ದಾರೆ. ನಮ್ಮ ನಾಡಿನ ದಾಸರೂ ದೇವರನ್ನು ಬೈದು, ಲೆಕ್ಕ ಕೇಳಿ ಹಾಡಿದವರು. ನಿಂದಾಸ್ತುತಿ ಎಂಬ ಹೆಸರೇ ನಮ್ಮಲ್ಲಿದೆ. ಹಾಗಾಗಿ ದೇವರೊಡನೆ ಜಗಳ ಕನ್ನಡದ ಕಿವಿಗೆ ಹೊಸದೇನಲ್ಲ.

ಚೆನ್ನೈನಲ್ಲಿರುವ ಓದುಗರಿಗೆ ಇದರ ಒಂದು ಗುರುತು ಹತ್ತಿರದಲ್ಲೇ ಇದೆ. ವಿಮಾನ ನಿಲ್ದಾಣದ ಬಳಿಯ ಪರಂಗಿಮಲೈ, ಅಂದರೆ ಸೇಂಟ್ ಥಾಮಸ್ ಮೌಂಟ್, ಮತ್ತು ಮೈಲಾಪುರದ ಸ್ಯಾಂಥೋಮ್ ಬೆಸಿಲಿಕಾ. ಯೇಸುವಿನ ಶಿಷ್ಯ ತೋಮ ಆ ಬೆಟ್ಟದ ಮೇಲೆ ಹತನಾದ, ಮೈಲಾಪುರದಲ್ಲಿ ಸಮಾಧಿಯಾದ ಎಂಬುದು ಅಲ್ಲಿಯ ಕ್ರೈಸ್ತರ ಪರಂಪರೆಯ ನಂಬಿಕೆ. ಲೋಕ ಅವನಿಗೆ ಸಂಶಯದ ತೋಮ ಎಂಬ ಅಡ್ಡಹೆಸರಿಟ್ಟಿದೆ. ಗಾಯಗಳನ್ನು ಮುಟ್ಟದೆ ಯೇಸು ಎದ್ದು ಬಂದುದನ್ನು ನಂಬಲಾರೆ ಎಂದವನು ಅವನು. ಯೋಹಾನನ ಸುವಾರ್ತೆಯಲ್ಲಿ ಆ ಮಾತಿಗೂ ಯೇಸು ಅವನೆದುರು ಕಾಣಿಸಿಕೊಳ್ಳುವುದಕ್ಕೂ ನಡುವೆ ಎಂಟು ದಿನಗಳಿವೆ. ಆ ಎಂಟು ದಿನ ಏನಾಯಿತೆಂದು ಸುವಾರ್ತೆ ಹೇಳುವುದಿಲ್ಲ. ಆದರೆ ಎಂಟನೆಯ ದಿನ ತೋಮ ಉಳಿದ ಶಿಷ್ಯರ ಜೊತೆ ಅದೇ ಮನೆಯೊಳಗಿದ್ದ. ಅವನು ಬಿಟ್ಟು ಹೋಗಿರಲಿಲ್ಲ, ಅವರು ಅವನನ್ನು ಹೊರಹಾಕಿಯೂ ಇರಲಿಲ್ಲ. ಸಂಶಯಪಟ್ಟವನಿಗೆ ಕೂರಲು ಜಾಗವಿತ್ತು. ನಮ್ಮ ಸಭೆಗಳಲ್ಲಿ ಆ ಜಾಗ ಎಷ್ಟಿದೆ ಎಂಬುದು ಕೇಳಿಕೊಳ್ಳಬೇಕಾದ ಪ್ರಶ್ನೆ.

ವಲಸೆ ಬಂದವರಿಗೆ ಇನ್ನೊಂದು ತೊಡಕಿದೆ. ಬೀದರಿನ ಮೆಥೋಡಿಸ್ಟರಿಗಾಗಲಿ, ಮಂಗಳೂರು ಕಡೆಯ ಬಾಸೆಲ್ ಮಿಶನ್ ಹಿನ್ನೆಲೆಯವರಿಗಾಗಲಿ ಪ್ರಾರ್ಥನೆಯೆಂದರೆ ಕನ್ನಡದ ಸಂಗೀತ, ಕನ್ನಡದ ಬೈಬಲ್. ಇಲ್ಲಿ ಆರಾಧನೆ ಇಂಗ್ಲಿಷಿನಲ್ಲೋ ಮರಾಠಿಯಲ್ಲೋ ತಮಿಳಿನಲ್ಲೋ ನಡೆದಾಗ ಅರ್ಥ ತಿಳಿದರೂ ಎದೆಗೆ ತಾಕುವುದಿಲ್ಲ. ನಮ್ಮಲ್ಲಿ ಕೆಲವರು ದೇವರ ಮೌನವೆಂದು ತಿಳಿದಿರುವುದು ಅರ್ಧ ಭಾಷೆಯ ಮೌನವೂ ಆಗಿರಬಹುದು. ಅಂಥವರು ಮನೆಯಲ್ಲಿ ದಿನಕ್ಕೊಂದು ಕೀರ್ತನೆಯನ್ನು ಕನ್ನಡದಲ್ಲಿ ಗಟ್ಟಿಯಾಗಿ ಓದಿ ನೋಡಲಿ. ತಿಂಗಳಿಗೊಮ್ಮೆ ನಾಲ್ಕು ಮನೆಯವರು ಸೇರಿ ಹಾಡಲಿ.

ಉಳಿದಂತೆ ಒಣ ಕಾಲಕ್ಕೆ ದೊಡ್ಡ ವ್ರತಗಳು ಬೇಡ. ಲೋಕಲ್ ರೈಲಿನಲ್ಲಿ ನಿಂತುಕೊಂಡೇ ಹೇಳಬಹುದಾದ ಒಂದು ಚಿಕ್ಕ ಪ್ರಾರ್ಥನೆ ಇದ್ದರೆ ಸಾಕು. ನಂಬಿಕೆ ಬಂದ ಮೇಲೆ ಹೇಳುತ್ತೇನೆ ಎಂದು ಕಾಯುವುದಕ್ಕಿಂತ, ನಂಬಿಕೆ ಇಲ್ಲವೆಂಬುದನ್ನೇ ಪ್ರಾರ್ಥನೆಯಾಗಿ ಹೇಳುವುದು ಮೇಲು. ಗುಟ್ಟು ಕಾಪಾಡುವ ಒಬ್ಬರ ಬಳಿ ಎಲ್ಲವನ್ನೂ ಹೇಳಿ. ಪಕ್ಕದ ಆಸ್ಪತ್ರೆಯ ರೋಗಿಗೋ ಮಹಡಿಯ ಒಂಟಿ ಅಜ್ಜಿಗೋ ವಾರಕ್ಕೊಮ್ಮೆ ಆಗುವ ಸಹಾಯವನ್ನು ನಿಲ್ಲಿಸಬೇಡಿ. ಅದಕ್ಕೆ ಭಾವನೆಯ ಅನುಮತಿ ಬೇಕಿಲ್ಲ.

ಎರಡು ಎಚ್ಚರಿಕೆಗಳೂ ಬೇಕು. ವಾರಗಟ್ಟಲೆ ನಿದ್ದೆ, ಊಟ, ಕೆಲಸದ ಆಸಕ್ತಿ ಹೋಗಿ ಬದುಕೇ ಸಾಕೆನಿಸಿದರೆ ಅದನ್ನು ಆತ್ಮದ ರಾತ್ರಿ ಎಂದು ಸಹಿಸಿ ಕೂರದೆ ವೈದ್ಯರನ್ನು ಕಾಣಬೇಕು. ಅದು ನಂಬಿಕೆಯ ಸೋಲಲ್ಲ. ಹಾಗೆಯೇ ಚರ್ಚಿನಲ್ಲಿ ಹಣದ ಮೋಸ, ಜಾತಿಯ ಭೇದ, ಹೆಣ್ಣುಮಕ್ಕಳ ಮೇಲಿನ ದೌರ್ಜನ್ಯ ನಡೆದು ನಿಮಗೆ ಕಸಿವಿಸಿಯಾದರೆ, ಅದನ್ನು ಪ್ರಾರ್ಥನೆಯಿಂದ ಅಡಗಿಸಲು ಹೋಗಬೇಡಿ. ಆ ಕಸಿವಿಸಿ ನಿಮ್ಮ ವಿಶ್ವಾಸ ಬದುಕಿರುವುದರಿಂದಲೇ ಬಂದದ್ದು. ಅದು ಮಾತಾಗಬೇಕು, ದೂರಾಗಬೇಕು.

ಮತ್ತು ನಿಮ್ಮ ಪಕ್ಕದ ಬೆಂಚಿನಲ್ಲಿ ಹಾಡದೆ ಸುಮ್ಮನೆ ಕೂತವರಿದ್ದರೆ, ನಿಮ್ಮ ವಿಶ್ವಾಸ ಕಡಿಮೆಯಾಯಿತು ಎನ್ನಬೇಡಿ. ಆರಾಧನೆ ಮುಗಿದ ಮೇಲೆ ಅವರ ಜೊತೆ ಒಂದು ಚಹಾ ಕುಡಿಯಿರಿ, ಮುಂದಿನ ಭಾನುವಾರವೂ ಅವರ ಪಕ್ಕದಲ್ಲೇ ಕೂತುಕೊಳ್ಳಿ.