ಅಂಗಡಿ ಒಂದೂರಿನಲ್ಲಿ, ಮನೆ ಇನ್ನೊಂದೂರಿನಲ್ಲಿ

ವ್ಯಾಪಾರ ಆರಂಭಿಸುವವರು ಮಳಿಗೆಯ ಸ್ಥಳವನ್ನು ಹತ್ತು ಬಾರಿ ಅಳೆದು ತೂಗಿ ಆರಿಸುತ್ತಾರೆ. ವಾಸದ ಊರನ್ನು ಮಾತ್ರ ಮನೆಮಂದಿಯ ಇಚ್ಛೆಗೆ, ನೆಂಟರ ಸಲಹೆಗೆ ಬಿಟ್ಟುಬಿಡುತ್ತಾರೆ. ಹಾವೇರಿಯಂತಹ ಕೃಷಿಪ್ರಧಾನ ಜಿಲ್ಲೆಯಲ್ಲಿ ಈ ಎರಡನೆಯ ತೀರ್ಮಾನವೂ ವ್ಯವಹಾರಕ್ಕೆ ಸಂಬಂಧಿಸಿದ್ದೇ ಆಗಿದೆ. ಅದರ ವೆಚ್ಚ ಲಾಭ-ನಷ್ಟದ ತಃಖ್ತೆಯಲ್ಲಿ ಕಾಣುವುದಿಲ್ಲ. ಮಾಲೀಕನ ಬಂಡವಾಳ ಖಾತೆಯನ್ನು ವರ್ಷದಿಂದ ವರ್ಷಕ್ಕೆ ಸದ್ದಿಲ್ಲದೆ ಕರಗಿಸುತ್ತದೆ.

1997ರಲ್ಲಿ ಧಾರವಾಡದಿಂದ ಬೇರ್ಪಟ್ಟು ಹಾವೇರಿ ಜಿಲ್ಲೆ ರಚನೆಯಾದಾಗ ಕಚೇರಿಗಳು ಹಾವೇರಿಗೆ ಬಂದವು, ವ್ಯಾಪಾರ ಇದ್ದಲ್ಲಿಯೇ ಉಳಿಯಿತು. 2011ರ ಜನಗಣತಿಯಲ್ಲಿ ರಾಣೆಬೆನ್ನೂರಿನ ಜನಸಂಖ್ಯೆ ಒಂದು ಲಕ್ಷವನ್ನು ದಾಟಿತ್ತು. ಜಿಲ್ಲಾ ಕೇಂದ್ರವಾದ ಹಾವೇರಿಯದು ಸುಮಾರು 67 ಸಾವಿರ. ಬ್ಯಾಡಗಿ ಇವೆರಡಕ್ಕಿಂತಲೂ ಬಹು ಚಿಕ್ಕದು. ಆದರೆ ಅದರ ಮೆಣಸಿನಕಾಯಿ ಮಾರುಕಟ್ಟೆಗೆ ಬಳ್ಳಾರಿ, ರಾಯಚೂರುಗಳಿಂದಲೂ, ಆಂಧ್ರದಿಂದಲೂ ಮಾಲು ಬರುತ್ತದೆ. ಹೀಗಾಗಿ ಇಲ್ಲಿ ದೊಡ್ಡ ಊರು, ಅಧಿಕಾರದ ಊರು, ಪೇಟೆಯ ಊರು ಎಂಬ ಮೂರೂ ಬೇರೆ ಬೇರೆ.

ಹಿಂದೆ ಜಿಲ್ಲಾ ಕೇಂದ್ರದಲ್ಲಿ ನೆಲೆಸುವುದಕ್ಕೆ ಒಂದು ಗಟ್ಟಿ ಕಾರಣವಿತ್ತು. ತೆರಿಗೆಯ ಪತ್ರ, ಪರವಾನಗಿ, ನೋಂದಣಿ ಎಲ್ಲದಕ್ಕೂ ಕಚೇರಿಯ ಮೆಟ್ಟಿಲು ಹತ್ತಬೇಕಾಗಿತ್ತು. 2017ರ ಜುಲೈನಲ್ಲಿ ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದ ಮೇಲೆ, ಅದರ ಹಿಂದೆಯೇ 2020ರಲ್ಲಿ ಉದ್ಯಮ್ ನೋಂದಣಿಯೂ ಗಣಕಯಂತ್ರದ ಮೂಲಕ ನಡೆಯತೊಡಗಿದ ಮೇಲೆ, ಆ ಕಾರಣ ಬಹುಪಾಲು ಬಲ ಕಳೆದುಕೊಂಡಿದೆ. ತಕರಾರು ಬಿದ್ದಾಗ ಕಚೇರಿಗೆ ಹೋಗುವುದು ತಪ್ಪದು. ಆದರೆ ವರ್ಷಕ್ಕೆ ನಾಲ್ಕು ಬಾರಿ ಹೋಗುವ ಊರಿನಲ್ಲಿ ಮನೆ ಕಟ್ಟುವುದು ಯಾವ ಲೆಕ್ಕಕ್ಕೂ ಹೊಂದದು.

ಇದಕ್ಕಿಂತ ಗಂಭೀರವಾದುದು ಬ್ಯಾಡಗಿಯಲ್ಲಿ ಮಳಿಗೆ ಇಟ್ಟು ಹುಬ್ಬಳ್ಳಿಯಲ್ಲಿ ಸಂಸಾರ ಹೂಡುವ ಪದ್ಧತಿ. ದಿನವೂ ಹೋಗಿಬರುವ ದಾರಿ 150 ಕಿ.ಮೀ.ಗೂ ಹೆಚ್ಚು. ಲೀಟರಿಗೆ 15 ಕಿ.ಮೀ. ಓಡುವ ವಾಹನಕ್ಕೆ ದಿನಕ್ಕೆ 10 ಲೀಟರ್ ಇಂಧನ ಬೇಕು, ಮೂರು ತಾಸು ರಸ್ತೆಯಲ್ಲಿಯೇ ಕಳೆಯಬೇಕು. ಮನೆಯಿಂದ ಅಂಗಡಿಗೆ ಓಡಾಡುವ ಖರ್ಚು ವೈಯಕ್ತಿಕವೇ ಹೊರತು ವ್ಯವಹಾರದ್ದಲ್ಲ. ಅದನ್ನು ಪ್ರವಾಸ ವೆಚ್ಚವೆಂದು ಬರೆದರೆ ತಪಾಸಣೆಯಲ್ಲಿ ನಿಲ್ಲದು. ಎರಡು ಕಡೆಯ ಖರ್ಚಿಗೆಂದು ತೆಗೆಯುವ ಹಣ ಸ್ವಂತ ಬಂಡವಾಳವನ್ನು ಕಡಿಮೆ ಮಾಡುತ್ತದೆ. ಮುಂದಿನ ವರ್ಷ ನಗದು ಸಾಲದ ಮಿತಿ ಹೆಚ್ಚಿಸಿರೆಂದು ಕೇಳಲು ಹೋದಾಗ ಬ್ಯಾಂಕಿನವರು ಮೊದಲು ಬೆರಳಿಡುವುದು ಅಲ್ಲಿಯೇ.

ಹಣದ ಮಾತು ಹಾಗಿರಲಿ. ಬ್ಯಾಡಗಿಯ ಪೇಟೆ ಸೋಮವಾರ ಮತ್ತು ಗುರುವಾರದ್ದು. ಟೆಂಡರ್ ಗಣಕಯಂತ್ರದಲ್ಲಿ ನಡೆದರೂ ರಾಶಿಯ ತೇವ, ಬಣ್ಣ, ಸುಕ್ಕುಗಳನ್ನು ಕೈಯಲ್ಲಿ ಹಿಡಿದೇ ತಿಳಿಯಬೇಕು. ಆ ಕೆಲಸವನ್ನು ಗುಮಾಸ್ತನಿಗೆ ವಹಿಸಿದ ಮಾಲೀಕನ ಕೈಯಲ್ಲಿ ಕೆಲವು ವರ್ಷಗಳ ನಂತರ ಉಳಿಯುವುದು ಪರವಾನಗಿ ಮಾತ್ರ. 2024ರ ಮಾರ್ಚ್‌ನಲ್ಲಿ ಬೆಲೆ ಕುಸಿತದಿಂದ ಕೆರಳಿದವರು ಅಲ್ಲಿನ ಮಾರುಕಟ್ಟೆ ಸಮಿತಿಯ ಕಚೇರಿಗೆ, ವಾಹನಗಳಿಗೆ ಬೆಂಕಿ ಹಚ್ಚಿದ್ದು ಓದುಗರಿಗೆ ನೆನಪಿರಬಹುದು. ವರ್ತಕರು ಊರಲ್ಲಿದ್ದರೆ ಅದು ನಡೆಯುತ್ತಿರಲಿಲ್ಲ ಎಂದು ಯಾರೂ ಹೇಳಲಾರರು. ಆದರೂ ಬೆಲೆ ಬಿದ್ದ ದಿನ ರೈತನು ಮಾತನಾಡಲು ಹುಡುಕುವುದು ಪರಿಚಯದ ಮುಖವನ್ನೇ.

ರಾಣೆಬೆನ್ನೂರಿನ ಸ್ಥಿತಿ ಬೇರೆ. ರೈಲು, ಹೆದ್ದಾರಿ ಎರಡೂ ಇವೆ. ಬೀಜೋತ್ಪಾದನೆ, ಹತ್ತಿ, ಮೆಕ್ಕೆಜೋಳದ ವಹಿವಾಟಿದೆ. ತಾಲ್ಲೂಕಿನ ಕುಮಾರಪಟ್ಟಣದಲ್ಲಿ ದೊಡ್ಡ ಕಾರ್ಖಾನೆಯಿದೆ. ದಾವಣಗೆರೆಯ ಆಸ್ಪತ್ರೆಗಳು ಒಂದು ತಾಸಿನ ದಾರಿ. ಸಣ್ಣ ಯಂತ್ರೋದ್ಯಮಕ್ಕೂ ಬಿಡಿಭಾಗಗಳ ವ್ಯಾಪಾರಕ್ಕೂ ಜಿಲ್ಲೆಯಲ್ಲಿ ಇದಕ್ಕಿಂತ ಅನುಕೂಲವಾದ ಊರು ಸಿಗುವುದು ಕಷ್ಟ. ಒಂದು ವಿಷಯದಲ್ಲಿ ಮಾತ್ರ ಎಚ್ಚರ ಬೇಕು. 2020ರಲ್ಲಿ ಭೂ ಸುಧಾರಣೆ ಕಾಯಿದೆಗೆ ತಿದ್ದುಪಡಿಯಾಗಿ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದಾದ ಮೇಲೆ, ಮನೆಯ ಜೊತೆಗೆ ಊರ ಹೊರಗೆ ನಾಲ್ಕು ಎಕರೆ ಮಾಡಿಕೊಳ್ಳುವ ಹಂಬಲ ವರ್ತಕರಲ್ಲಿ ಬೆಳೆದಿದೆ. ಆದಾಯ ತೆರಿಗೆ ಕಾನೂನಿನ ಪ್ರಕಾರ ಜನಸಂಖ್ಯೆ ಹತ್ತು ಸಾವಿರದಿಂದ ಒಂದು ಲಕ್ಷದವರೆಗಿನ ಪಟ್ಟಣದ ಗಡಿಯಿಂದ 2 ಕಿ.ಮೀ. ದಾಟಿದ ಕೃಷಿ ಜಮೀನಿನ ಮಾರಾಟಕ್ಕೆ ಬಂಡವಾಳ ಲಾಭದ ತೆರಿಗೆ ಇಲ್ಲ. ಜನಸಂಖ್ಯೆ ಒಂದು ಲಕ್ಷ ಮೀರಿದರೆ ಆ ಅಂತರ 6 ಕಿ.ಮೀ. ಆಗುತ್ತದೆ. ಅಳತೆ ನೇರ ಆಕಾಶಮಾರ್ಗದ್ದು, ರಸ್ತೆಯದ್ದಲ್ಲ. ಗಡಿಯಿಂದ 4 ಕಿ.ಮೀ. ದೂರದ ಹೊಲ ಹಾವೇರಿಯ ಬಳಿ ಇದ್ದರೆ ತೆರಿಗೆ ಇಲ್ಲ, ರಾಣೆಬೆನ್ನೂರಿನ ಬಳಿ ಇದ್ದರೆ ಇದೆ. ಕೊಳ್ಳುವಾಗಲೇ ಇದನ್ನು ವಿಚಾರಿಸುವವರು ವಿರಳ.

ಮನೆಯ ದಸ್ತಾವೇಜಿನ ವಿಷಯವೂ ಇದೇ ಬಗೆಯದು. ಭೂಪರಿವರ್ತನೆಯಾಗದ ಬಡಾವಣೆಯ ನಿವೇಶನ ಅಗ್ಗವಾಗಿ ಸಿಗುತ್ತದೆ, ಆದರೆ ಅದನ್ನು ಬ್ಯಾಂಕು ಅಡಮಾನಕ್ಕೆ ಒಪ್ಪುವುದಿಲ್ಲ. ಸಣ್ಣ ವರ್ತಕನ ಪಾಲಿಗೆ ಮನೆಯೇ ಕೊನೆಯ ಭದ್ರತೆ; ಸಾಲಕ್ಕೆ ಒದಗದ ಮನೆ ಅವನಿಗೆ ಅರ್ಧ ಮನೆ. ಕೆಳಗೆ ಅಂಗಡಿ, ಮೇಲೆ ವಾಸ ಎಂಬ ಹಳೆಯ ಪೇಟೆಯ ಕ್ರಮವನ್ನು ಹೊಸ ತಲೆಮಾರು ಹೀಗಳೆಯುತ್ತಿದೆ. ಕೆಳಗಿನ ಭಾಗಕ್ಕೆ ಮಾತ್ರ ಸವಕಳಿ ಪಡೆದು ಲೆಕ್ಕವನ್ನು ಬೇರೆಯಾಗಿ ಇಟ್ಟರೆ ಅಷ್ಟು ಅಗ್ಗದ, ಅಷ್ಟು ಭದ್ರವಾದ ವ್ಯವಸ್ಥೆ ಇನ್ನೊಂದಿಲ್ಲ.

ಹಾನಗಲ್, ಸವಣೂರುಗಳ ಬಗೆಗೆ ಹೆಚ್ಚು ಹೇಳಬೇಕಾಗಿಲ್ಲ. ಭತ್ತ, ಅಡಿಕೆ, ವೀಳ್ಯದೆಲೆಗಳ ವ್ಯವಹಾರವಿದ್ದವರು ಅಲ್ಲಿಯೇ ಇರತಕ್ಕದ್ದು. ಹೊರಗಿನವರು ಕೇವಲ ಬಾಡಿಗೆ ಕಡಿಮೆಯೆಂದು ಅಲ್ಲಿಗೆ ಹೋಗುವುದು ವ್ಯರ್ಥ. ಹಾನಗಲ್ಲಿಗೆ ಇಂದಿಗೂ ರೈಲಿಲ್ಲ.

ಚಿಕ್ಕ ಊರನ್ನು ಬಿಡುವವರು ಕೊಡುವ ಕಾರಣ ಒಂದೇ: ಮಕ್ಕಳ ಶಾಲೆ. ಅದನ್ನು ತಳ್ಳಿಹಾಕುವಂತಿಲ್ಲ, ತಾಯಂದಿರ ಆತಂಕ ನ್ಯಾಯವಾದದ್ದೇ. ಆದರೆ ಹುಬ್ಬಳ್ಳಿಯ ಬದಲು ಹಾವೇರಿಯಲ್ಲಿ ಮನೆ ಮಾಡಿದರೂ ಬ್ಯಾಡಗಿ ಅರ್ಧ ತಾಸಿನ ದಾರಿ. ಸರ್ಕಾರಿ ವೈದ್ಯಕೀಯ ಕಾಲೇಜು ಈಗ ಅಲ್ಲಿಯೇ ಇದೆ. ಅದಕ್ಕೂ ಮಿಗಿಲಾಗಿ, ಸಂಸಾರಗಳು ಹುಬ್ಬಳ್ಳಿಗೆ ಹೋದಷ್ಟೂ ಚಿಕ್ಕ ಊರಿನ ಶಾಲೆಗಳಲ್ಲಿ ಶುಲ್ಕ ಕೊಡಬಲ್ಲ ಮಕ್ಕಳು ಕಡಿಮೆಯಾಗುತ್ತಾರೆ, ಒಳ್ಳೆಯ ಶಿಕ್ಷಕರು ನಿಲ್ಲುವುದಿಲ್ಲ, ಮರುವರ್ಷ ಇನ್ನೆರಡು ಕುಟುಂಬಗಳು ಗಂಟುಕಟ್ಟುತ್ತವೆ. ಬ್ಯಾಡಗಿಯ ವರ್ತಕರು ಒಟ್ಟಾಗಿ ಒಂದು ಉತ್ತಮ ಪದವಿಪೂರ್ವ ವಿಜ್ಞಾನ ಕಾಲೇಜಿಗೆ ಕೈಹಾಕಿದರೆ, ಹುಬ್ಬಳ್ಳಿಯ ಬಾಡಿಗೆ ಮತ್ತು ಇಂಧನಕ್ಕೆ ಪ್ರತಿಯೊಬ್ಬರೂ ತೆರುತ್ತಿರುವ ಹಣದ ಒಂದಂಶವೇ ಅದಕ್ಕೆ ಮೂಲಧನವಾದೀತು.